ಎಲ್ಲರೂ ಜಿಗಿದ ಮೇಲೆ ವಿಮಾನದಲ್ಲಿ ಉಳಿಯುವವರು: ನಿಮಗಿದು ಗೊತ್ತೇ?

ಸ್ಕೈಡೈವಿಂಗ್ ರುಚಿ ಹತ್ತಿದವರಿಗೆ ಒಂದು ಹಂತದಲ್ಲಿ ಈ ಆಸೆ ಮೂಡುವುದುಂಟು: ಜಿಗಿಯಲು ಪ್ರತಿ ಸಲ ದುಡ್ಡು ಕೊಡುವ ಬದಲು ವಿಮಾನ ಹಾರಿಸುವುದನ್ನೇ ಕಲಿತು, ಜಿಗಿತಗಾರರನ್ನು ಮೇಲಕ್ಕೆ ಒಯ್ಯುವ ಜಂಪ್ ಪೈಲಟ್ ಆಗಿಬಿಟ್ಟರೆ? ವಾರಾಂತ್ಯವೆಲ್ಲ ಜಿಗಿತದ ತಾಣವಾದ ಡ್ರಾಪ್ ಝೋನ್‌ನಲ್ಲೇ, ಗೆಳೆಯರ ನಡುವೆಯೇ, ಮೇಲಾಗಿ ಕೈಗೆ ನಾಲ್ಕು ಕಾಸು. ಆಸೆ ಒಳ್ಳೆಯದೇ. ಆದರೆ ಆ ಮುಂದಿನ ಸೀಟಿನಲ್ಲಿ ನಡೆಯುವ ಕೆಲಸ ಏನೆಂದು ತಿಳಿಯದೆ ತೀರ್ಮಾನಿಸಬಾರದು. ಈ ಕ್ರೀಡೆ ದೊಡ್ಡದಾಗಿ ಬೆಳೆದಿರುವುದು ಅಮೆರಿಕದಲ್ಲಾದ್ದರಿಂದ ಇಲ್ಲಿನ ಸಂಗತಿಗಳೂ ಬಹುಪಾಲು ಅಲ್ಲಿನವೇ.

● 1912ರ ಮಾರ್ಚ್ 1ರಂದು ಸೇಂಟ್ ಲೂಯಿಸ್ ಹತ್ತಿರದ ಜೆಫರ್ಸನ್ ಬ್ಯಾರಕ್ಸ್ ಸೇನಾ ನೆಲೆಯ ಮೇಲೆ ಆಲ್ಬರ್ಟ್ ಬೆರ್ರಿ ಹಾರುತ್ತಿದ್ದ ವಿಮಾನದಿಂದ ಪ್ಯಾರಾಚೂಟ್ ಕಟ್ಟಿಕೊಂಡು ಇಳಿದರು. ಅದಕ್ಕೂ ಒಂದು ವರ್ಷ ಮೊದಲೇ ಕ್ಯಾಲಿಫೋರ್ನಿಯಾದಲ್ಲಿ ಗ್ರ್ಯಾಂಟ್ ಮಾರ್ಟನ್ ಇದನ್ನು ಮಾಡಿದ್ದರೆಂಬ ವಾದವೂ ಇದೆ. ಮೊದಲಿಗರು ಯಾರೆಂಬ ಚರ್ಚೆಯಲ್ಲಿ ಜಿಗಿದವರ ಹೆಸರು ಮಾತ್ರ ಓಡಾಡುತ್ತದೆ. ಬೆರ್ರಿಯನ್ನು ಮೇಲಕ್ಕೆ ಕೊಂಡೊಯ್ದ ಪೈಲಟ್ ಟೋನಿ ಜ್ಯಾನಸ್. ಎರಡು ವರ್ಷ ಕಳೆಯುವುದರೊಳಗೆ, 1914ರ ಜನವರಿ 1ರಂದು, ಇದೇ ಜ್ಯಾನಸ್ ಫ್ಲೋರಿಡಾದ ಸೇಂಟ್ ಪೀಟರ್ಸ್‌ಬರ್ಗ್‌ನಿಂದ ಟ್ಯಾಂಪಾಗೆ ಕೊಲ್ಲಿಯ ಮೇಲೆ ಸುಮಾರು 23 ನಿಮಿಷ ಹಾರಿದರು. ನಿಗದಿತ ವೇಳಾಪಟ್ಟಿಯಂತೆ ನಡೆದ ಜಗತ್ತಿನ ಮೊದಲ ವಿಮಾನಯಾನ ಸೇವೆ ಅದು. ಅದರ ಒಬ್ಬನೇ ಪ್ರಯಾಣಿಕ, ಊರಿನ ಮಾಜಿ ಮೇಯರ್ ಏಬ್ರಾಮ್ ಫೈಲ್, ಆ ಸೀಟನ್ನು ಹರಾಜಿನಲ್ಲಿ 400 ಡಾಲರ್ ಕೊಟ್ಟು ಹಿಡಿದಿದ್ದರು. ಮಾಮೂಲಿ ಟಿಕೆಟ್ 5 ಡಾಲರ್. ಜಿಗಿತದ ವಿಮಾನ ಹಾರಿಸಿ, ಅಲ್ಲಿಂದ ಏರ್‌ಲೈನ್‌ಗೆ ಹೋಗುವ ದಾರಿಯನ್ನು ಇಂದು ಎಷ್ಟೋ ಯುವಕ ಯುವತಿಯರು ತುಳಿಯುತ್ತಿದ್ದಾರೆ. ಅದನ್ನು ಮೊದಲು ತುಳಿದವರು ಜ್ಯಾನಸ್.

● 1913ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ವಿಮಾನದಿಂದ ಪ್ಯಾರಾಚೂಟ್ ಮೂಲಕ ಇಳಿದ ಮೊದಲ ಮಹಿಳೆ ಜಾರ್ಜಿಯಾ ಬ್ರಾಡ್‌ವಿಕ್. ಪುಟ್ಟ ದೇಹದ ಆಕೆಯನ್ನು ಎಲ್ಲರೂ ಕರೆಯುತ್ತಿದ್ದುದು ಟೈನಿ ಎಂದು. ವಿಮಾನ ಹಾರಿಸಿದವರು ಗ್ಲೆನ್ ಮಾರ್ಟಿನ್. ಇಂದಿನ ಲಾಕ್‌ಹೀಡ್ ಮಾರ್ಟಿನ್ ಕಂಪನಿಯ ಹೆಸರಿನ ಎರಡನೇ ಭಾಗ ಅವರದೇ.

● ಆಕಾಶದಲ್ಲಿ ಸ್ವಲ್ಪ ಹೊತ್ತು ಬಿದ್ದು, ಆಮೇಲೆ ತಾನೇ ಹಿಡಿ ಎಳೆದು ಪ್ಯಾರಾಚೂಟ್ ಬಿಚ್ಚಬಹುದು ಎಂಬುದನ್ನು ಲೆಸ್ಲಿ ಅರ್ವಿನ್ ತೋರಿಸಿಕೊಟ್ಟದ್ದು 1919ರ ಏಪ್ರಿಲ್ 28ರಂದು, ಓಹಾಯೋದ ಡೇಟನ್‌ನಲ್ಲಿ. ಹಾಗೆ ಬೀಳುವವನಿಗೆ ಪ್ರಜ್ಞೆಯೇ ಉಳಿಯದು ಎಂದು ಅಂದು ಹಲವರು ನಂಬಿದ್ದರು. ವಿಮಾನ ನಡೆಸುತ್ತಿದ್ದ ಫ್ಲಾಯ್ಡ್ ಸ್ಮಿತ್ ಆ ಪ್ಯಾರಾಚೂಟನ್ನು ರೂಪಿಸಿದವರಲ್ಲಿ ಒಬ್ಬರು. ಬೆನ್ನಿನ ಮೇಲಿರುವ ಚೀಲ ಹೇಗೆ ಕೆಲಸ ಮಾಡುತ್ತದೆಂದು ಬಲ್ಲ ಪೈಲಟ್ ಮುಂದೆ ಕೂತಿರುವುದು ಎಷ್ಟು ದೊಡ್ಡ ಧೈರ್ಯ! ನಾನು ಈ ಇಡೀ ವಿಷಯವನ್ನು ನೋಡುವುದೂ ಅದೇ ಕಣ್ಣಿನಿಂದ. ಜಿಗಿತ ಬಲ್ಲವರು ಪೈಲಟ್ ಆಗಬೇಕು. ಆದರೆ ಜಿಗಿಯುವ ಆಸೆಯನ್ನು ತೀರಿಸಿಕೊಳ್ಳಲು ಆಗಬಾರದು.

● ಅಮೆರಿಕದಲ್ಲಿ ಹಣ ಪಡೆದು ವಿಮಾನ ಹಾರಿಸಲು ಕಮರ್ಷಿಯಲ್ ಪೈಲಟ್ ಪರವಾನಗಿ ಬೇಕು. ಸಾಮಾನ್ಯ ಮಾರ್ಗದಲ್ಲಿ ಅದಕ್ಕೆ ಕನಿಷ್ಠ 250 ಗಂಟೆಗಳ ಹಾರಾಟ, 18 ವರ್ಷ ವಯಸ್ಸು.

● "ನನಗೆ ಸಂಬಳ ಬೇಡ, ಹಾರಲು ಬಿಟ್ಟರೆ ಸಾಕು, ಖಾಸಗಿ ಪರವಾನಗಿಯಲ್ಲೇ ನಡೆಸುತ್ತೇನೆ" ಅನ್ನುವವರುಂಟು. ಅಲ್ಲಿನ ವಿಮಾನಯಾನ ನಿಯಂತ್ರಣ ಸಂಸ್ಥೆಯಾದ ಎಫ್‌ಎಎ ಇದನ್ನು ಒಪ್ಪುವುದಿಲ್ಲ. ಇಂಧನದ ಖರ್ಚಿಲ್ಲದೆ ಲಾಗ್‌ಬುಕ್‌ಗೆ ಸೇರುವ ಗಂಟೆಗಳನ್ನೂ ಅದು ಸಂಭಾವನೆಯೆಂದೇ ಲೆಕ್ಕ ಹಾಕುತ್ತದೆ.

● ಜಿಗಿತಗಾರರನ್ನು ಹೊತ್ತ ವಿಮಾನ ಹೊರಟ ನಿಲ್ದಾಣದಿಂದ 25 ಮೈಲಿ ತ್ರಿಜ್ಯದೊಳಗೆ ಎಲ್ಲೂ ಇಳಿಯದೆ ಹಾರಿದರೆ, ಏರ್ ಟ್ಯಾಕ್ಸಿ ಅಥವಾ ಚಾರ್ಟರ್ ಕಂಪನಿಗೆ ಬೇಕಾದ ಕಟ್ಟುನಿಟ್ಟಿನ ಪ್ರಮಾಣಪತ್ರ ಅದಕ್ಕೆ ಬೇಕಿಲ್ಲ. ಡ್ರಾಪ್ ಝೋನ್‌ಗಳು ಅಮೆರಿಕದ ಉದ್ದಗಲಕ್ಕೂ ಹಬ್ಬಲು ಈ ವಿನಾಯಿತಿ ದೊಡ್ಡ ಕಾರಣ. ಅದರ ಇನ್ನೊಂದು ಮುಖವನ್ನೂ ಹೇಳಬೇಕು: ಚಾರ್ಟರ್ ಕಂಪನಿಯಲ್ಲಿ ಪೈಲಟ್‌ಗೆ ಸಿಗುವ ವ್ಯವಸ್ಥಿತ ತರಬೇತಿ, ಮೇಲಿಂದ ಮೇಲೆ ನಡೆಯುವ ಪರೀಕ್ಷೆ ಇಲ್ಲಿ ಕಾನೂನಿನ ಒತ್ತಾಯದಿಂದ ಸಿಗುವುದಿಲ್ಲ. ಡ್ರಾಪ್ ಝೋನ್ ನಡೆಸುವವರು ಎಷ್ಟು ಶ್ರದ್ಧೆಯುಳ್ಳವರೋ ನಿಮ್ಮ ತರಬೇತಿಯೂ ಅಷ್ಟೇ. ಆದ್ದರಿಂದ ಕೆಲಸಕ್ಕೆ ಸೇರುವ ಮುನ್ನ ಕೇಳಬೇಕಾದ ಮೊದಲ ಪ್ರಶ್ನೆ "ಲೋಡ್‌ಗೆ (ಒಂದು ಸಲ ಜಿಗಿತಗಾರರನ್ನು ಮೇಲಕ್ಕೊಯ್ಯುವ ಹಾರಾಟಕ್ಕೆ) ಎಷ್ಟು ಕೊಡುತ್ತೀರಿ" ಎಂಬುದಲ್ಲ, "ಒಬ್ಬನೇ ಹಾರುವ ಮೊದಲು ನನ್ನ ಪಕ್ಕದಲ್ಲಿ ಯಾರು ಕೂರುತ್ತಾರೆ, ಎಷ್ಟು ಹಾರಾಟಗಳಿಗೆ ಕೂರುತ್ತಾರೆ" ಎಂಬುದು. ಅದಕ್ಕೆ ಸ್ಪಷ್ಟ ಉತ್ತರ ಸಿಗದ ಕಡೆಯಿಂದ ಎದ್ದು ಬರುವುದೇ ಸರಿ.

● 2009ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ರಾಜ್ಯದ ಬಫಲೋ ಬಳಿ ಒಂದು ಪ್ರಯಾಣಿಕ ವಿಮಾನ ಬಿದ್ದು 50 ಜನ ಸತ್ತರು. ಅದರ ಬಳಿಕ ಬಂದ ಕಾನೂನಿನಂತೆ 2013ರಿಂದ ಏರ್‌ಲೈನ್‌ನ ಸಹ ಪೈಲಟ್‌ಗೂ ಏರ್‌ಲೈನ್ ಟ್ರಾನ್ಸ್‌ಪೋರ್ಟ್ ಪರವಾನಗಿ ಕಡ್ಡಾಯವಾಯಿತು. ಅದಕ್ಕೆ ಸಾಮಾನ್ಯವಾಗಿ 1,500 ಗಂಟೆ ಬೇಕು. ಸೇನೆಯಿಂದ ಬಂದವರಿಗೆ, ಕೆಲವು ಪದವೀಧರರಿಗೆ ಒಂದಿಷ್ಟು ರಿಯಾಯಿತಿ ಇದೆ. 250ರಿಂದ 1,500ರವರೆಗಿನ ಈ ಕಂದಕವನ್ನು ದಾಟಲು ಹೊಸ ಪೈಲಟ್‌ಗಳು ಹಿಡಿಯುವ ಕೆಲಸಗಳು ಕೆಲವೇ: ಹಾರಾಟ ಕಲಿಸುವುದು, ಬ್ಯಾನರ್ ಎಳೆಯುವುದು, ಕೊಳವೆಮಾರ್ಗಗಳ ಮೇಲೆ ಕಣ್ಣಿಡುತ್ತ ಹಾರುವುದು, ಜಿಗಿತಗಾರರನ್ನು ಮೇಲಕ್ಕೆ ಒಯ್ಯುವುದು.

● ಈ ಲೆಕ್ಕದಲ್ಲಿ ಬಹಳ ಜನ ಎಡವುವ ಒಂದು ಜಾಗವಿದೆ. 1,500 ಗಂಟೆಯಲ್ಲಿ 500 ಗಂಟೆ ದೂರಪಯಣದ್ದಾಗಿರಬೇಕು, ಅಂದರೆ ಹೊರಟ ಜಾಗದಿಂದ 50 ನಾಟಿಕಲ್ ಮೈಲಿಗಿಂತ ಆಚೆ ಹೋಗಿರಬೇಕು. ಜೊತೆಗೆ 100 ಗಂಟೆ ರಾತ್ರಿ ಹಾರಾಟ, 75 ಗಂಟೆ ಉಪಕರಣಗಳನ್ನೇ ನಂಬಿ ಮಾಡಿದ ಹಾರಾಟ ಬೇಕು. ಜಂಪ್ ಪೈಲಟ್ ಹಾರುವುದು ತನ್ನ ನಿಲ್ದಾಣದ ನೆತ್ತಿಯ ಮೇಲೆ, ಹಾಡಹಗಲಲ್ಲಿ, ಮೋಡವಿಲ್ಲದ ದಿನ. ಗಂಟೆಗಳು ರಾಶಿ ಬೀಳುತ್ತವೆ, ಆದರೆ ಈ ಮೂರು ಕಲಮುಗಳು ಖಾಲಿಯೇ ಉಳಿಯುತ್ತವೆ. ಅವನ್ನು ಬೇರೆ ಕಡೆ, ಹಲವು ಸಲ ತನ್ನದೇ ಖರ್ಚಿನಲ್ಲಿ ತುಂಬಿಸಬೇಕು. ಏರ್‌ಲೈನ್ ಗುರಿ ಇಟ್ಟುಕೊಂಡವರು ಇದನ್ನು ಮೊದಲ ದಿನವೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

● ಸಣ್ಣ ಡ್ರಾಪ್ ಝೋನ್‌ಗಳ ಬೆನ್ನೆಲುಬು ಸೆಸ್ನಾ 182. ಪೈಲಟ್ ಬಿಟ್ಟರೆ ನಾಲ್ಕು ಜನ, ಒಂದೇ ಪಿಸ್ಟನ್ ಎಂಜಿನ್. ಅದು 200 ಅಶ್ವಶಕ್ತಿಗಿಂತ ಹೆಚ್ಚಿನದಾದ್ದರಿಂದ ತರಬೇತುದಾರರಿಂದ ಲಾಗ್‌ಬುಕ್‌ನಲ್ಲಿ ಪ್ರತ್ಯೇಕ ಸಹಿ ಹಾಕಿಸಿಕೊಳ್ಳಬೇಕು. ಅದರ ಮೇಲಿನ ಮೆಟ್ಟಿಲು ಸೆಸ್ನಾ ಕ್ಯಾರವಾನ್, ಅದಕ್ಕೂ ಮೇಲೆ ಇಪ್ಪತ್ತಕ್ಕೂ ಹೆಚ್ಚು ಜನರನ್ನು ಹೊರುವ ಅವಳಿ ಎಂಜಿನ್ನಿನ ಟ್ವಿನ್ ಆಟರ್.

● ಟ್ವಿನ್ ಆಟರ್‌ನಷ್ಟು ದೊಡ್ಡ ವಿಮಾನಕ್ಕೂ ಅಮೆರಿಕದಲ್ಲಿ ಆ ಮಾದರಿಗೆಂದೇ ಬೇರೆ ಪರವಾನಗಿ ಬೇಡ. ಅವಳಿ ಎಂಜಿನ್ ಅರ್ಹತೆ ಇದ್ದರೆ ಸಾಕು. ಅದರ ಗರಿಷ್ಠ ತೂಕವನ್ನು, ಅಂಥ ಪರವಾನಗಿ ಬೇಡದ 12,500 ಪೌಂಡ್ ಗಡಿಗೆ ಸರಿಯಾಗಿ ನಿಲ್ಲಿಸಲಾಗಿದೆ. ಆದರೆ ಕಾನೂನು ಬಿಟ್ಟರೂ ವಿಮೆ ಕಂಪನಿ ಬಿಡುವುದಿಲ್ಲ, ಸಾಕಷ್ಟು ಅನುಭವ ಕೇಳುತ್ತದೆ. ಹಾಗಾಗಿ ಹೊಸಬರ ಪಾಲಿಗೆ ಬರುವುದು ಹಳೆಯ ಸೆಸ್ನಾ 182 ವಿಮಾನವೇ.

● ಜಿಗಿತಗಾರರೊಬ್ಬರು ಮುಖ್ಯ ಪ್ಯಾರಾಚೂಟ್ ಕೈಕೊಟ್ಟಾಗ ಬಳಸುವ ರಿಸರ್ವ್ ಪ್ಯಾರಾಚೂಟ್‌ನ ಅವಧಿ ಮೀರಿದ್ದರೂ ಅದನ್ನೇ ಹಾಕಿಕೊಂಡು ವಿಮಾನ ಹತ್ತಿದರೆ ತಪ್ಪು ಯಾರದು? ಅಮೆರಿಕದ ನಿಯಮದ ಪ್ರಕಾರ ಇಬ್ಬರದೂ. ಅಂಥವರಿಗೆ ಜಿಗಿಯಲು ಪೈಲಟ್ ಅವಕಾಶ ಕೊಡಲೇಬಾರದು. ನೈಲಾನ್‌ನಂಥ ಕೃತಕ ಬಟ್ಟೆಯ ರಿಸರ್ವನ್ನು ಪ್ರಮಾಣಪತ್ರ ಪಡೆದ ರಿಗ್ಗರ್, ಅಂದರೆ ಪ್ಯಾರಾಚೂಟ್ ತಂತ್ರಜ್ಞ, ಕಳೆದ 180 ದಿನಗಳೊಳಗೆ ಮಡಚಿರಬೇಕು. ರೇಷ್ಮೆಯಂಥ ನೈಸರ್ಗಿಕ ನೂಲಿನದಾದರೆ 60 ದಿನ.

● ಮೋಡದ ವಿಷಯದಲ್ಲೂ ಹಾಗೆಯೇ, ಹೊಣೆ ಪೈಲಟ್‌ನದೂ ಹೌದು. 10,000 ಅಡಿಗಿಂತ ಮೇಲೆ ಮೋಡದಿಂದ ಮೇಲೆ ಕೆಳಗೆ 1,000 ಅಡಿ, ಪಕ್ಕಕ್ಕೆ ಒಂದು ಮೈಲಿ ಅಂತರವಿರಬೇಕು, ಐದು ಮೈಲಿ ದೂರ ಕಣ್ಣಿಗೆ ಕಾಣಬೇಕು. ಮೋಡದ ತೂತಿನಲ್ಲಿ ನುಗ್ಗಿ ಜಿಗಿಯಲು ತವಕಿಸುವ ಗೆಳೆಯರಿಗೆ "ಇಲ್ಲ, ಕೆಳಗಿಳಿಯೋಣ" ಎನ್ನುವವರು ನೀವೇ ಆಗಬೇಕು. ನಿನ್ನೆಯವರೆಗೆ ಅವರ ಜೊತೆ ಹಿಂದೆ ಕೂತು ಗಲಾಟೆ ಮಾಡಿದವರಿಗೆ ಈ ಮಾತು ಹೊರಡುವುದು ಸುಲಭವಲ್ಲ. ಜಿಗಿತಗಾರರು ಪೈಲಟ್ ಆದಾಗ ಎದುರಾಗುವ ಎಲ್ಲ ಕಷ್ಟಗಳಲ್ಲಿ ದೊಡ್ಡದು ಇದೇ ಎಂದು ನನಗೆ ಅನ್ನಿಸುತ್ತದೆ. ಎಂಜಿನ್, ಗಾಳಿ, ತೂಕದ ಲೆಕ್ಕ ಇವೆಲ್ಲ ಪುಸ್ತಕದಿಂದ, ಅಭ್ಯಾಸದಿಂದ ಬರುತ್ತವೆ. ಸಂಜೆ ಒಟ್ಟಿಗೆ ಊಟಕ್ಕೆ ಕೂರುವವರ ಮುಖ ನೋಡಿ "ಇನ್ನೊಂದು ಲೋಡ್ ಆಗುವುದಿಲ್ಲ" ಎನ್ನುವುದನ್ನು ಯಾವ ತರಬೇತಿ ಶಾಲೆಯೂ ಕಲಿಸುವುದಿಲ್ಲ.

● ಜಿಗಿಯುವ ಕ್ಷಣದಲ್ಲಿ ಪೈಲಟ್ ವಿಮಾನದ ವೇಗವನ್ನು ತಗ್ಗಿಸುತ್ತಾರೆ. ಅದೇ ಹೊತ್ತಿಗೆ ಜನ ಎದ್ದು ಬಾಗಿಲ ಕಡೆ ಸರಿಯುತ್ತಾರೆ. ಹಿಂಬದಿಯಲ್ಲಿ ಬಾಗಿಲಿರುವ ವಿಮಾನದಲ್ಲಿ ದೊಡ್ಡ ಗುಂಪೊಂದು ಒಟ್ಟಿಗೆ ಹೊರಡಲು ಹೊರಗೂ ಒಳಗೂ ತುಂಬಿಕೊಂಡರೆ ತೂಕವೆಲ್ಲ ಬಾಲದತ್ತ ವಾಲುತ್ತದೆ. ಕಡಿಮೆ ವೇಗ, ಹಿಂದಕ್ಕೆ ಸರಿದ ತೂಕ: ವಿಮಾನ ಸ್ಟಾಲ್ ಆಗಲು, ಅಂದರೆ ರೆಕ್ಕೆಗಳು ಎತ್ತುವ ಬಲ ಕಳೆದುಕೊಳ್ಳಲು, ಇದಕ್ಕಿಂತ ಹೇಳಿಮಾಡಿಸಿದ ಸಂದರ್ಭವಿಲ್ಲ. ಬೇರೆ ವಿಮಾನಗಳಲ್ಲಿ ಅಪಘಾತವೆನಿಸುವ ಅಂಚಿಗೆ ಜಂಪ್ ಪೈಲಟ್ ದಿನಕ್ಕೆ ಹಲವು ಬಾರಿ ಬೇಕೆಂದೇ ಹತ್ತಿರ ಹೋಗುತ್ತಾರೆ. ಸ್ವತಃ ಜಿಗಿದು ಬಲ್ಲವರಿಗೆ ಇಲ್ಲಿ ನಿಜವಾದ ಅನುಕೂಲವಿದೆ. ಹಿಂದೆ ಏನು ನಡೆಯುತ್ತಿದೆ, ಈ ಗುಂಪು ಎಷ್ಟು ಹೊತ್ತು ಬಾಗಿಲಲ್ಲಿ ನೇತಾಡುತ್ತದೆ ಎಂಬುದು ತಿರುಗಿ ನೋಡದೆಯೇ ಅವರಿಗೆ ಅಂದಾಜಾಗುತ್ತದೆ.

● ಕೆಲವು 182ಗಳಲ್ಲಿ ಜಿಗಿತಗಾರರು ಚಕ್ರದ ಮೇಲಿನ ಮೆಟ್ಟಿಲಿಗೋ ಚಕ್ರಕ್ಕೋ ಕಾಲಿಟ್ಟು, ರೆಕ್ಕೆಯ ಆಸರೆ ಕಂಬಿ ಹಿಡಿದು ಹೊರಗೆ ನಿಲ್ಲುತ್ತಾರೆ. ಕಾಲಡಿಯಲ್ಲಿ ಚಕ್ರ ಉರುಳಬಾರದೆಂದು ಪೈಲಟ್ ಆಕಾಶದಲ್ಲಿ ಬ್ರೇಕ್ ಒತ್ತಿ ಹಿಡಿಯಬೇಕು! ಇಳಿಯುವ ಮೊದಲು ಅದನ್ನು ಬಿಟ್ಟಿದ್ದೇನೆಯೇ ಎಂದು ನೋಡಿಕೊಳ್ಳುವುದೂ ಅಷ್ಟೇ ಮುಖ್ಯ.

● 2025ರ ಸೆಪ್ಟೆಂಬರ್‌ನಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನ ಟುಲ್ಲಿ ಎಂಬಲ್ಲಿ ಸುಮಾರು 15,000 ಅಡಿ ಎತ್ತರದಲ್ಲಿ ಹೊರಬರುತ್ತಿದ್ದ ಜಿಗಿತಗಾರನೊಬ್ಬನ ರಿಸರ್ವ್ ಹಿಡಿ ಕ್ಯಾರವಾನ್ ವಿಮಾನದ ರೆಕ್ಕೆಯ ಹಿಂಬದಿಯ ಫ್ಲ್ಯಾಪ್‌ಗೆ ಸಿಕ್ಕಿತು. ಪ್ಯಾರಾಚೂಟ್ ಬಿಚ್ಚಿಕೊಂಡು ಬಾಲಕ್ಕೆ ಸುತ್ತಿತು, ಮನುಷ್ಯ ಅದರ ಕೆಳಗೆ ತೂಗಾಡತೊಡಗಿದ. ತನ್ನ ಬಳಿಯಿದ್ದ ಕೊಕ್ಕೆ ಚಾಕುವಿನಿಂದ ಹಗ್ಗಗಳನ್ನು ಒಂದೊಂದಾಗಿ ಕತ್ತರಿಸಿ ಆತ ಬಿಡಿಸಿಕೊಂಡ, ಮುಖ್ಯ ಪ್ಯಾರಾಚೂಟ್‌ನಲ್ಲಿ ಇಳಿದು ಬದುಕಿದ. ವಿಡಿಯೊ ಜಗತ್ತೆಲ್ಲ ಸುತ್ತಿತು. ಬಾಲಕ್ಕೆ ಬಟ್ಟೆ ಸುತ್ತಿಕೊಂಡಿದ್ದ, ಅರೆಬರೆ ಹಿಡಿತದ ಆ ವಿಮಾನವನ್ನು ಪೈಲಟ್ ಸುರಕ್ಷಿತವಾಗಿ ಇಳಿಸಿದ್ದು ಎಷ್ಟು ಜನರ ಗಮನಕ್ಕೆ ಬಂತೋ.

● ಎಷ್ಟೋ ಜಂಪ್ ಪೈಲಟ್‌ಗಳ ಬೆನ್ನಿಗೂ ಪ್ಯಾರಾಚೂಟ್ ಇರುತ್ತದೆ. ಬಾಗಿಲನ್ನು ಜಿಗಿತಕ್ಕೆಂದು ಬದಲಿಸಲು ಕೊಡುವ ಅನುಮತಿಯಲ್ಲೇ ಹಲವು ಕಡೆ ಅದು ಷರತ್ತು. 2013ರ ನವೆಂಬರ್ 2ರಂದು ವಿಸ್ಕಾನ್ಸಿನ್‌ನ ಸುಪೀರಿಯರ್ ನಗರದ ಮೇಲೆ ಅದರ ಬೆಲೆ ಗೊತ್ತಾಯಿತು. ಒಟ್ಟಿಗೆ ಹಾರುತ್ತಿದ್ದ ಎರಡು ಸೆಸ್ನಾಗಳು ಸುಮಾರು 12,000 ಅಡಿಯಲ್ಲಿ ಡಿಕ್ಕಿ ಹೊಡೆದವು. ಮುಂದಿನದರ ರೆಕ್ಕೆ ಮುರಿದು ಬೆಂಕಿ ಹತ್ತಿತು. ಒಂಬತ್ತು ಜಿಗಿತಗಾರರು ಹಾರಿ ಬದುಕಿದರು. ಮುರಿದ ವಿಮಾನದ ಪೈಲಟ್ ತಮ್ಮ ತುರ್ತು ಪ್ಯಾರಾಚೂಟ್‌ನಲ್ಲಿ ಇಳಿದರು, ಇನ್ನೊಬ್ಬರು ಜಖಂಗೊಂಡ ವಿಮಾನವನ್ನು ನಿಲ್ದಾಣಕ್ಕೆ ತಂದರು. ಹನ್ನೊಂದು ಜನರೂ ಉಳಿದರು! ಈ ವಿಷಯದಲ್ಲಿ ನೂರಾರು ಸಲ ಜಿಗಿದ ಪೈಲಟ್ ಬೇರೆಯವರಿಗಿಂತ ಒಂದು ಹೆಜ್ಜೆ ಮುಂದಿರುತ್ತಾರೆ. ವಿಮಾನ ಬಿಟ್ಟು ಹೊರಗೆ ಹಾರಬೇಕಾದ ಕ್ಷಣದಲ್ಲಿ ಅವರ ಕೈ ಎಲ್ಲಿಗೆ ಹೋಗಬೇಕೋ ಅಲ್ಲಿಗೆ ತಾನಾಗಿ ಹೋಗುತ್ತದೆ.

● ವಿಮಾನದೊಳಗೇ ಪ್ಯಾರಾಚೂಟ್ ಬಿಚ್ಚಿಕೊಳ್ಳುವ ಅಪಾಯವೊಂದಿದೆ, ಅದರ ಕೀಲಿ ಪೈಲಟ್ ಕೈಯಲ್ಲಿದೆ. ಜಿಗಿತಗಾರ ಪ್ರಜ್ಞೆ ತಪ್ಪಿದರೂ ರಿಸರ್ವ್ ತೆರೆಯುವ ಸಣ್ಣ ಸಾಧನ ಪ್ರತಿ ಚೀಲದಲ್ಲೂ ಈಗ ಸಾಮಾನ್ಯ. ಜರ್ಮನಿಯ ಸಿಪ್ರೆಸ್ ಎಂಬ ಸಾಧನ 1991ರಲ್ಲಿ ಬಂದಮೇಲೆ ಇದು ಎಲ್ಲೆಡೆ ಹರಡಿತು. ಎತ್ತರ ಮತ್ತು ಬೀಳುವ ವೇಗ ಎರಡನ್ನೂ ಅದು ಅಳೆಯುತ್ತದೆ. ವಿದ್ಯಾರ್ಥಿಗಳ ಮಾದರಿ ಸೆಕೆಂಡಿಗೆ ಸುಮಾರು 13 ಮೀಟರ್ ವೇಗಕ್ಕೇ, ಅಂದರೆ ನಿಮಿಷಕ್ಕೆ ಸುಮಾರು 2,500 ಅಡಿಯಂತೆ ಇಳಿದರೂ, ನೆಲ ಹತ್ತಿರವಾದಾಗ ಕೆಲಸ ಶುರುಮಾಡುತ್ತದೆ. ಹವೆ ಕೆಟ್ಟೋ ಹೆದರಿಯೋ ವಿದ್ಯಾರ್ಥಿಯೊಬ್ಬರು ಜಿಗಿಯದೆ ವಿಮಾನದಲ್ಲೇ ಉಳಿದರೆ, ಖಾಲಿ ವಿಮಾನವನ್ನು ಇಳಿಸುವ ವೇಗದಲ್ಲಿ ಅದನ್ನು ಇಳಿಸಬಾರದು. ಬಾಗಿಲು ತೆರೆದಿದ್ದು ರಿಸರ್ವ್ ಹೊರಕ್ಕೆ ಹಾರಿದರೆ ಮನುಷ್ಯನನ್ನೂ ಬಾಲವನ್ನೂ ಒಟ್ಟಿಗೆ ಕಿತ್ತೊಯ್ಯಬಲ್ಲದು.

● ಗಾಳಿಯಿಂದ ತಂಪಾಗುವ ಪಿಸ್ಟನ್ ಎಂಜಿನ್ ಅರ್ಧ ಗಂಟೆ ಪೂರ್ತಿ ಶಕ್ತಿಯಲ್ಲಿ ಏರಿ ಕಾದಿರುತ್ತದೆ. ಎಲ್ಲರೂ ಹೊರಟೊಡನೆ ಶಕ್ತಿ ಇಳಿಸಿ ಮೂಗು ಕೆಳಗೆ ಮಾಡಿದರೆ ಸಿಲಿಂಡರುಗಳು ಥಟ್ಟನೆ ತಣಿಯುತ್ತವೆ, ಬಿರುಕು ಬಿಡುವ ಭಯವಿರುತ್ತದೆ. ಒಲೆಯ ಮೇಲಿನ ಬಿಸಿ ಗಾಜಿನ ಪಾತ್ರೆಗೆ ತಣ್ಣೀರು ಸುರಿದಂತೆ. ಎಷ್ಟರ ಮಟ್ಟಿಗೆ ಇದು ನಿಜವೆಂದು ಎಂಜಿನ್ ಬಲ್ಲವರಲ್ಲೇ ಚರ್ಚೆಯಿದೆ. ಆದರೂ ಜಾಣ ಮಾಲೀಕರು ಇಳಿಯುವಾಗ ಶಕ್ತಿಯನ್ನು ಮೆಲ್ಲಗೆ, ಹಂತಹಂತವಾಗಿ ತಗ್ಗಿಸಲು ಹೇಳಿಕೊಡುತ್ತಾರೆ. ಟರ್ಬೈನ್ ಎಂಜಿನ್ನಿಗೆ ಈ ಗೊಡವೆಯಿಲ್ಲ. ಹಾಗಾಗಿಯೇ ಎಷ್ಟೋ ಸಲ ಟ್ವಿನ್ ಆಟರ್ ತಾನು ಬಿಟ್ಟು ಬಂದ ಜಿಗಿತಗಾರರಿಗಿಂತ ಮೊದಲೇ ನೆಲ ಮುಟ್ಟುತ್ತದೆ.

● 1985ರ ಸೆಪ್ಟೆಂಬರ್ 29, ಜಾರ್ಜಿಯಾ ರಾಜ್ಯದ ಜೆಂಕಿನ್ಸ್‌ಬರ್ಗ್: ಕ್ಯಾರವಾನ್ ಬಿದ್ದು 17 ಸಾವು. 1992ರ ಏಪ್ರಿಲ್ 22, ಕ್ಯಾಲಿಫೋರ್ನಿಯಾದ ಪೆರಿಸ್: ಟ್ವಿನ್ ಆಟರ್ ಬಿದ್ದು 16 ಸಾವು. ಎರಡರ ತನಿಖೆಯಲ್ಲೂ ಕಂಡದ್ದು ಒಂದೇ, ಇಂಧನದಲ್ಲಿ ನೀರು. ಹಾರುವ ಮುಂಚೆ ಟ್ಯಾಂಕಿನ ತಳದಿಂದ ಒಂದಿಷ್ಟು ಇಂಧನ ಬಸಿದು ನೋಡುವುದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ಬೆಳಗಿನಿಂದ ಸಂಜೆವರೆಗೆ ಒಂದರ ಹಿಂದೊಂದು ಲೋಡ್ ಏರುವ ಗಡಿಬಿಡಿಯಲ್ಲಿ ಇಂಥ ಸಣ್ಣ ಕೆಲಸವೇ ಜಾರಿಹೋಗುವುದು. ಪೆರಿಸ್ ದುರಂತದ ಬಳಿಕ ಜಿಗಿತಗಾರರು ಸೀಟ್ ಬೆಲ್ಟ್ ಕಟ್ಟಿಕೊಳ್ಳುವ ಬಗೆಗಿನ ಎಚ್ಚರವೂ ಗಟ್ಟಿಯಾಯಿತು. ಅಂದಹಾಗೆ, ನಿಯಮದ ಪ್ರಕಾರ ಅವರು ವಿಮಾನದ ನೆಲವನ್ನೇ ಸೀಟಾಗಿ ಬಳಸಬಹುದು, ಬೆಲ್ಟ್ ಮಾತ್ರ ತಪ್ಪಿಸುವಂತಿಲ್ಲ.

● ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ 2008ರಲ್ಲಿ ಜಿಗಿತದ ವಿಮಾನಗಳ ಬಗ್ಗೆಯೇ ವಿಶೇಷ ವರದಿ ಹೊರತಂದಿತು. 1980ರಿಂದ ಅಲ್ಲಿಯವರೆಗೆ 32 ಅಪಘಾತಗಳಲ್ಲಿ 172 ಜನ ಸತ್ತಿದ್ದರು, ಹೆಚ್ಚಿನವರು ಜಿಗಿಯಲು ಹೊರಟವರು. ವಿಮಾನದ ನಿರ್ವಹಣೆ, ಪೈಲಟ್‌ಗಳ ತರಬೇತಿ, ಎಫ್‌ಎಎ ಉಸ್ತುವಾರಿ, ಈ ಮೂರೂ ಸಾಲದೆಂದು ವರದಿ ಹೇಳಿತು. ಹನ್ನೊಂದು ವರ್ಷದ ನಂತರ, 2019ರ ಜೂನ್ 21ರಂದು ಹವಾಯಿಯ ಒವಾಹು ದ್ವೀಪದಲ್ಲಿ ಕಿಂಗ್ ಏರ್ ವಿಮಾನವೊಂದು ಏರಿದ ಕ್ಷಣದಲ್ಲೇ ಮಗುಚಿ 11 ಜನ ಸತ್ತರು. ಏರಿದ ತಕ್ಷಣ ಪೈಲಟ್ ವಿಮಾನವನ್ನು ಬಿರುಸಾಗಿ ತಿರುಗಿಸಿದ್ದು ಕಾರಣವೆಂದು ತನಿಖೆ ಹೇಳಿತು. ಅದೇ ವಿಮಾನ 2016ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಗಿರಕಿ ಹೊಡೆದು ಬಾಲದ ಒಂದು ಭಾಗವನ್ನೇ ಕಳೆದುಕೊಂಡಿತ್ತು. ಅಂದು ಎಲ್ಲರೂ ಬದುಕಿದ್ದರು, ವಿಮಾನ ದುರಸ್ತಿಯಾಗಿ ಮತ್ತೆ ಹಾರಿತ್ತು. ಅದರ ಎಡರೆಕ್ಕೆ ತಿರುಚಿಕೊಂಡಿದ್ದುದೂ ಹವಾಯಿ ದುರಂತದ ತನಿಖೆಯಲ್ಲಿ ದಾಖಲಾಗಿದೆ. ಜಿಗಿಯುವಾಗ ವಿಮಾನದ ಇತಿಹಾಸವನ್ನು ಯಾರೂ ಕೇಳುವುದಿಲ್ಲ. ಹಾರಿಸಲು ಹೊರಟವರು ಅದರ ನಿರ್ವಹಣಾ ದಾಖಲೆಗಳನ್ನು ಮೊದಲ ಪುಟದಿಂದ ಓದಬೇಕು. ತೋರಿಸಲು ಹಿಂಜರಿಯುವ ಮಾಲೀಕರ ಕೆಲಸ ಬೇಡ.

● 2018ರ ಜುಲೈನಲ್ಲಿ ಫ್ರಾನ್ಸಿನಲ್ಲಿ ಜಿಗಿತಗಾರರನ್ನು ಬಿಟ್ಟು ವೇಗವಾಗಿ ಇಳಿಯುತ್ತಿದ್ದ ವಿಮಾನದ ರೆಕ್ಕೆ, ಅದರಿಂದಲೇ ಜಿಗಿದ, ರೆಕ್ಕೆಯಂಥ ಉಡುಪು ತೊಟ್ಟ ವಿಂಗ್‌ಸೂಟ್ ಹಾರಾಟಗಾರನಿಗೆ ಬಡಿದು ಆತ ಸತ್ತ. 2024ರಲ್ಲಿ ನ್ಯಾಯಾಲಯ ಪೈಲಟ್‌ನನ್ನು ತಪ್ಪಿತಸ್ಥನೆಂದು ತೀರ್ಮಾನಿಸಿತು. ವಿಂಗ್‌ಸೂಟ್ ತೊಟ್ಟವರು ನೇರ ಬೀಳುವುದಿಲ್ಲ, ಮೈಲಿಗಟ್ಟಲೆ ಅಡ್ಡ ಹಾರುತ್ತಾರೆ. ಯಾರು, ಯಾವ ಕ್ರಮದಲ್ಲಿ, ಯಾವ ದಿಕ್ಕಿಗೆ ಹೋಗುತ್ತಾರೆಂದು ನೆಲದ ಮೇಲೆಯೇ ಮಾತಾಡಿಕೊಳ್ಳಬೇಕಾದ್ದು ಅದಕ್ಕೇ.

● ಎದುರುಗಾಳಿ ಜೋರಾದಷ್ಟೂ ನೆಲದ ಲೆಕ್ಕದಲ್ಲಿ ವಿಮಾನ ನಿಧಾನ. ಆಗ ಒಂದು ಗುಂಪಿಗೂ ಇನ್ನೊಂದಕ್ಕೂ ನಡುವೆ ಹೆಚ್ಚು ಸೆಕೆಂಡು ಬಿಡಬೇಕು, ಇಲ್ಲದಿದ್ದರೆ ಗುಂಪುಗಳು ಒಂದರ ಮೇಲೊಂದು ಬಂದು ಸೇರುತ್ತವೆ.

● ಜಿಗಿತಕ್ಕೆ ಕನಿಷ್ಠ ಐದು ನಿಮಿಷ ಮುಂಚೆ ಪೈಲಟ್ ವಾಯು ಸಂಚಾರ ನಿಯಂತ್ರಣಕ್ಕೆ ರೇಡಿಯೊದಲ್ಲಿ ತಿಳಿಸಬೇಕು, ಕೊನೆಯವರು ಹೊರಟಮೇಲೆ ಮತ್ತೆ ತಿಳಿಸಬೇಕು.

● ಮೇಲೆ ಚಳಿಯೂ ಉಂಟು, ಆಮ್ಲಜನಕದ ಕೊರತೆಯೂ ಉಂಟು. ಸಾವಿರ ಅಡಿಗೆ ಸುಮಾರು 2 ಡಿಗ್ರಿಯಂತೆ ಉಷ್ಣತೆ ಇಳಿಯುವುದರಿಂದ ನೆಲದಲ್ಲಿ 20 ಡಿಗ್ರಿ ಹಿತವಾಗಿದ್ದರೆ 13,000 ಅಡಿಯಲ್ಲಿ ಸೊನ್ನೆಗಿಂತ ಕೆಳಗೆ, ಅದೂ ಬಾಗಿಲು ತೆರೆದು. ಅಮೆರಿಕದ ನಿಯಮದಂತೆ 12,500ರಿಂದ 14,000 ಅಡಿಯ ನಡುವೆ ಅರ್ಧ ಗಂಟೆಗಿಂತ ಹೆಚ್ಚು ಇದ್ದರೆ, 14,000ಕ್ಕಿಂತ ಮೇಲೆ ಇರುವಷ್ಟು ಹೊತ್ತೂ, ಪೈಲಟ್ ಆಮ್ಲಜನಕ ಬಳಸಬೇಕು. ಒಂದೊಂದು ಲೋಡ್‌ನಲ್ಲಿ ಆ ಎತ್ತರದಲ್ಲಿ ಕಳೆಯುವುದು ಕೆಲವೇ ನಿಮಿಷ, ಆದ್ದರಿಂದ ಕಾನೂನು ಮುರಿಯುವುದಿಲ್ಲ. ಆದರೆ ಗದ್ದಲದ ಡ್ರಾಪ್ ಝೋನ್‌ನಲ್ಲಿ ದಿನಕ್ಕೆ ಇಪ್ಪತ್ತು ಸಲ ಏರಿ ಇಳಿದ ದೇಹ ಆ ಲೆಕ್ಕವನ್ನು ಬೇರೆ ರೀತಿ ಇಟ್ಟಿರುತ್ತದೆ. ಕಿವಿ ಕಟ್ಟುವ ಶೀತವಿದ್ದ ದಿನ ಕೆಲಸಕ್ಕೆ ಬರಬಾರದೆಂಬುದನ್ನು ಅನುಭವಿಗಳು ಮೊದಲೇ ಹೇಳುತ್ತಾರೆ.

● ಜಿಗಿತ, ಹಾರಾಟ ಎರಡನ್ನೂ ಬಲ್ಲವರು ಎರಡನ್ನೂ ಒಂದೇ ಹಾರಾಟದಲ್ಲಿ ಒಟ್ಟಿಗೆ ಮಾಡಲು ಹೊರಟದ್ದೂ ಇದೆ. 2022ರ ಏಪ್ರಿಲ್ 24ರಂದು ಅರಿಜೋನಾದಲ್ಲಿ ಲ್ಯೂಕ್ ಐಕಿನ್ಸ್ ಮತ್ತು ಆಂಡಿ ಫ್ಯಾರಿಂಗ್ಟನ್ ಎಂಬ ಇಬ್ಬರು ನುರಿತ ಪೈಲಟ್‌ಗಳು, ಜಿಗಿತದಲ್ಲೂ ಹೆಸರಾಂತರು, ಎರಡು ಸೆಸ್ನಾಗಳನ್ನು ಮೂಗು ಕೆಳಗೆ ಮಾಡಿ ಬಿಟ್ಟು, ಹೊರಗೆ ಹಾರಿ, ಒಬ್ಬರ ವಿಮಾನಕ್ಕೆ ಇನ್ನೊಬ್ಬರು ಹತ್ತಲು ನೋಡಿದರು. ಐಕಿನ್ಸ್ ಹತ್ತಿದರು. ಇನ್ನೊಂದು ವಿಮಾನ ಗಿರಕಿ ಹೊಡೆದು ನೆಲಕ್ಕೆ ಬಿತ್ತು, ಫ್ಯಾರಿಂಗ್ಟನ್ ಪ್ಯಾರಾಚೂಟ್‌ನಲ್ಲಿ ಇಳಿದರು. ಮೊದಲೇ ಅನುಮತಿ ನಿರಾಕರಿಸಿದ್ದ ಎಫ್‌ಎಎ ಇಬ್ಬರ ಪರವಾನಗಿಯನ್ನೂ ರದ್ದುಮಾಡಿತು. ಪೈಲಟ್ ತನ್ನ ಸೀಟನ್ನು ಬಿಡಬಾರದು ಎಂಬ ನಿಯಮ ಎಷ್ಟು ಒಳ್ಳೆಯ ಜಿಗಿತಗಾರರಿಗೂ ಸಡಿಲವಾಗುವುದಿಲ್ಲ.

● ಹವೆ ಚೆನ್ನಾಗಿರುವ ಶನಿವಾರ, ಭಾನುವಾರ ಜಿಗಿತಗಾರರಿಗೆ ಹಬ್ಬ. ಅದೇ ದಿನ ಪೈಲಟ್‌ಗೆ ಎಡೆಬಿಡದ ಕೆಲಸ. ಹವೆ ಕೆಟ್ಟರೆ ಇಬ್ಬರಿಗೂ ರಜೆ, ಆದರೆ ಲೋಡ್ ಲೆಕ್ಕದಲ್ಲಿ ಹಣ ಪಡೆಯುವ ಪೈಲಟ್‌ಗೆ ಆ ದಿನ ಸಂಪಾದನೆಯೂ ಇಲ್ಲ. ಹೆಚ್ಚು ಜಿಗಿಯಬಹುದೆಂದು ಪೈಲಟ್ ಆದವರು ಮೊದಲಿಗಿಂತ ಕಡಿಮೆ ಜಿಗಿಯುವುದು ಹೀಗೆ. ಈ ಒಂದು ಸಂಗತಿಯನ್ನು ಒಪ್ಪಿಕೊಳ್ಳಲು ಮನಸ್ಸು ಹಿಂಜರಿದರೆ ಉಳಿದ ಲೆಕ್ಕಗಳನ್ನೆಲ್ಲ ಅಲ್ಲಿಗೇ ನಿಲ್ಲಿಸಬಹುದು.

● ಜಿಗಿಯುತ್ತಲೇ ಸಂಪಾದಿಸಬೇಕೆಂದಿದ್ದರೆ ಬೇರೆ ದಾರಿಗಳಿವೆ. ಪ್ಯಾರಾಚೂಟ್ ಮಡಚುವುದು, ಜಿಗಿಯುತ್ತ ವಿಡಿಯೊ ತೆಗೆಯುವುದು, ಹೊಸಬರನ್ನು ಎದೆಗೆ ಕಟ್ಟಿಕೊಂಡು ಹಾರುವ ಟ್ಯಾಂಡಮ್ ತರಬೇತುದಾರರಾಗುವುದು. ಟ್ಯಾಂಡಮ್‌ಗೆ ಅಮೆರಿಕದ ಪ್ಯಾರಾಚೂಟ್ ಸಂಘ ಕನಿಷ್ಠ 500 ಜಿಗಿತ, ಮೂರು ವರ್ಷದ ಅನುಭವ ಕೇಳುತ್ತದೆ.

● ನಮ್ಮ ಕಡೆ? ಮೈಸೂರಿನಲ್ಲಿ ಸ್ಕೈಡೈವಿಂಗ್ ಶಿಬಿರಗಳು ನಡೆದಿವೆ. ವಾಯುಪಡೆಯ ಆಕಾಶಗಂಗಾ ತಂಡದ ಜಿಗಿತವನ್ನೂ ಮೈಸೂರಿನ ದಸರಾ ಜನ ಕತ್ತೆತ್ತಿ ನೋಡಿದ್ದಾರೆ. ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರಿ ವಿಮಾನ ಹಾರಾಟ ತರಬೇತಿ ಶಾಲೆಯಿದೆ. ಭಾರತದಲ್ಲಿ ಕಮರ್ಷಿಯಲ್ ಪರವಾನಗಿಗೆ 200 ಗಂಟೆ ಸಾಕು. ಆದರೆ ವರ್ಷವಿಡೀ ನಡೆಯುವ ಡ್ರಾಪ್ ಝೋನ್‌ಗಳು ಇಲ್ಲಿ ಬೆರಳೆಣಿಕೆಯಷ್ಟು, ಜಂಪ್ ಪೈಲಟ್ ಕೆಲಸವೂ ಅಷ್ಟೇ ವಿರಳ. ಅಮೆರಿಕಕ್ಕೆ ಹಾರಾಟ ಕಲಿಯಲು ಹೋಗುವ ನಮ್ಮ ಹುಡುಗ ಹುಡುಗಿಯರು ಒಂದು ಮಾತು ನೆನಪಿಡಬೇಕು: ಅಲ್ಲಿನ ಪರವಾನಗಿ ಕೈಗೆ ಬಂದ ಮಾತ್ರಕ್ಕೆ ಅಲ್ಲಿ ದುಡಿಯುವ ಹಕ್ಕು ಬರುವುದಿಲ್ಲ. ವಿದ್ಯಾರ್ಥಿ ವೀಸಾದಲ್ಲಿರುವವರಿಗೆ ಕೆಲಸದ ಅನುಮತಿ ಬೇರೆಯೇ ಬೇಕು, ಸಂಬಳವಿಲ್ಲದ ಲೋಡ್‌ಗೂ ಈ ಪ್ರಶ್ನೆ ಏಳುತ್ತದೆ.

● ಶುಲ್ಕ ಕಟ್ಟುವ ಮೊದಲು ವೈದ್ಯಕೀಯ ತಪಾಸಣೆ. ಅಮೆರಿಕದಲ್ಲಿ ಹಣಕ್ಕೆ ಹಾರಲು ಎರಡನೇ ದರ್ಜೆಯ ವೈದ್ಯಕೀಯ ಪ್ರಮಾಣಪತ್ರ ಬೇಕು, ಹನ್ನೆರಡು ತಿಂಗಳಿಗೊಮ್ಮೆ ಅದನ್ನು ಹೊಸದಾಗಿಸಬೇಕು. ಭಾರತದಲ್ಲಿ ಕಮರ್ಷಿಯಲ್ ಪರವಾನಗಿಗೆ ಮೊದಲ ದರ್ಜೆಯದೇ ಬೇಕು. ಬಣ್ಣಗಳನ್ನು ಸರಿಯಾಗಿ ಗುರುತಿಸಲಾಗದ ಕಣ್ಣು ಜಿಗಿತಕ್ಕೆ ಅಡ್ಡಿಯಾಗದೆ ವರ್ಷಗಟ್ಟಲೆ ಯಾರಿಗೂ ತಿಳಿಯದೆ ಇರಬಹುದು, ಪೈಲಟ್ ಪರೀಕ್ಷೆಯಲ್ಲಿ ಮೊದಲ ದಿನವೇ ಸಿಕ್ಕಿಬೀಳುತ್ತದೆ.